ಚಮರೀರೋಮವೂ ಧಾರವಾಡ ಸೀಮೆಯ ಕಂಬಳಿಯೂ

ಹಿಮಾಲಯದ ಚಮರೀಮೃಗವು ಕನ್ನಡನಾಡಿಗೆ ಮುಖ್ಯವಾಗಿ ತನ್ನ ಬಾಲದಿಂದಲೇ ಪರಿಚಿತವಾದುದು. ಕಾಳಿದಾಸನು ಕುಮಾರಸಂಭವದ ಪ್ರಥಮ ಸರ್ಗದಲ್ಲಿ ಈ ಮೃಗಗಳು ಪರ್ವತರಾಜನಿಗೆ ಚಾಮರಸೇವೆಯನ್ನು ಸಲ್ಲಿಸುವಂತೆ ವರ್ಣಿಸಿರುವನು. ಇಲ್ಲಿಯ ಚಾಲುಕ್ಯ ಹೊಯ್ಸಳ ದೇವಾಲಯಗಳ ಭಿತ್ತಿಗಳಲ್ಲಿ ಚಾಮರಧಾರಿಣಿಯರ ಮೂರ್ತಿಗಳು ಹೇರಳವಾಗಿವೆ. ಬಾಲಕ್ಕೆ ಸಂದ ಈ ಗೌರವವು ಮೈರೋಮಕ್ಕೆ ಸಲ್ಲಲಿಲ್ಲ. ಆದರೆ ಆ ರೋಮದ ಗುಣವನ್ನು ವಿಚಾರಿಸಿದಲ್ಲಿ ಧಾರವಾಡ ಸೀಮೆಯ ಕರಿಕಂಬಳಿಯ ಯೋಗ್ಯತೆಯನ್ನು ನಿರ್ಣಯಿಸುವುದಕ್ಕೆ ತಕ್ಕ ಅಳತೆಗೋಲು ದೊರೆಯುವುದು.

ಚಮರಿಯ ಮೈಮೇಲೆ ಎರಡು ವಿಧವಾದ ರೋಮಗಳುಂಟು. ಒಳಗಿನದು ನವಿರು, ಅದರ ಎಳೆಯ ದಪ್ಪವು ಸುಮಾರು 16ರಿಂದ 20 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು. ಬೇಸಗೆಯ ಮೊದಲಲ್ಲಿ ಇದು ತಾನೇ ಕಳಚಿಕೊಳ್ಳುವುದರಿಂದ ಬಾಚಿ ತೆಗೆಯುವರು; ಮೃದುವಾದ ಹೊದಿಕೆಗಳಿಗೆ ಇದೇ ಉಪಾದಾನ. ಹೊರಗಿನದು 50 ಮೈಕ್ರಾನಿಗೂ ಮೀರಿದ ಒರಟು ಕೂದಲು. ಟಿಬೆಟಿನ ಪಶುಪಾಲಕರು ಇದರಿಂದ ಗುಡಾರವನ್ನೂ ಹಗ್ಗವನ್ನೂ ಮಾಡುವರು. ಮೃದುತ್ವಕ್ಕೆ ಒಂದು, ಗಾಳಿಮಳೆಗೆ ಇನ್ನೊಂದು. ಆ ಪಶುಪಾಲಕರು ಇವುಗಳಲ್ಲಿ ಒಂದನ್ನು ಉತ್ತಮವೆಂದು ಎಣಿಸಿ ಇನ್ನೊಂದನ್ನು ಎಸೆಯಲಿಲ್ಲ.

ಶಾಸ್ತ್ರಗ್ರಂಥಗಳಲ್ಲಿಯೂ ಈ ವಿವೇಕವು ಕಾಣುತ್ತದೆ. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನಿಂದ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜಕೋಶಕ್ಕೆ ಸಲ್ಲತಕ್ಕ ವಸ್ತುಗಳ ಪರೀಕ್ಷೆಯನ್ನು ಹೇಳುವಾಗ, ನುಣುಪಾದ, ಸೂಕ್ಷ್ಮವಾದ, ಮೃದುವಾದ ಉಣ್ಣೆಯ ವಸ್ತ್ರವು ಶ್ರೇಷ್ಠವೆಂದಿದೆ. ಅಲ್ಲಿಯೇ ನೇಪಾಳದ ಭಿಂಗಿಸಿಯೆಂಬ ಕಪ್ಪು ಕಂಬಳಿಯನ್ನು ಹೆಸರಿಸಿ, ಎಂಟು ತುಂಡುಗಳನ್ನು ಕೂಡಿಸಿ ಮಾಡಿದ ಅದು ಮಳೆಯನ್ನು ತಡೆಯುವುದೆಂದು ಹೇಳಿದೆ. ಮೊದಲನೆಯದು ಸ್ಪರ್ಶದ ಅಳತೆ. ಎರಡನೆಯದು ಉಪಯೋಗದ ಅಳತೆ.

ಧಾರವಾಡ ಸೀಮೆಯ ಕಂಬಳಿಯು ಎರಡನೆಯ ಅಳತೆಗೆ ಸೇರಿದುದು. ಇಲ್ಲಿಯ ದಖನಿ ಮತ್ತು ಬಳ್ಳಾರಿ ತಳಿಯ ಕುರಿಗಳ ಉಣ್ಣೆಯು ಒರಟು. ಎಷ್ಟೋ ಎಳೆಗಳ ನಡುವೆ ಪೊಳ್ಳಿರುವುದರಿಂದ ಬಣ್ಣವು ಸಮನಾಗಿ ಹಿಡಿಯದು. ಆದುದರಿಂದಲೇ ಕುರುಬರು ಕುರಿಯ ಹುಟ್ಟುಬಣ್ಣವನ್ನೇ ಉಳಿಸಿಕೊಂಡರು. ವರ್ಷಕ್ಕೆ ಎರಡು ಸಲ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ನೂತು, ಹಾಸಿಗೆ ಹುಣಸೆಬೀಜದ ಗಂಜಿಯನ್ನು ಬಳಿದು, ಕುಣಿಮಗ್ಗದಲ್ಲಿ ನೇಯುವರು. ಉಣ್ಣೆಯ ಎಳೆಯು ಹೊರಮೈಯಲ್ಲಿ ನೀರಿನ ಹನಿಯನ್ನು ಜಾರಿಸಿ, ಒಳಗೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ಆವಿಯನ್ನು ಹೀರಿಕೊಂಡರೂ ಒದ್ದೆಯೆನಿಸದು. ಮಳೆಗೆ ಕೊಪ್ಪೆಯಾಗಿಯೂ ರಾತ್ರಿಗೆ ಹಾಸಿಗೆಯಾಗಿಯೂ ಕಣದಲ್ಲಿ ಕಾಳು ಹರವುವುದಕ್ಕೂ ಒಂದೇ ಕಂಬಳಿಯು ಒದಗುವುದಕ್ಕೆ ಈ ಗುಣವೂ ಒರಟು ಎಳೆಯ ಬಾಳಿಕೆಯೂ ಕಾರಣ. ರಾಣೇಬೆನ್ನೂರ ತಾಲೂಕಿನ ಮೇಡ್ಲೇರಿಯು ಈ ನೇಯ್ಗೆಗೆ ಹೆಸರಾದ ಗ್ರಾಮ. 1997ರವರೆಗೆ ಆ ತಾಲೂಕು ಧಾರವಾಡ ಜಿಲ್ಲೆಯಲ್ಲಿಯೇ ಇದ್ದು, ಅನಂತರ ಹಾವೇರಿ ಜಿಲ್ಲೆಗೆ ಸೇರಿತು. ಮೈಲಾರಲಿಂಗನ ಗೊರವರು ಕರಿಕಂಬಳಿಯನ್ನೇ ದೀಕ್ಷಾವಸ್ತ್ರವನ್ನಾಗಿ ಧರಿಸುವರು. ವೈದಿಕರ ಮನೆಗಳಲ್ಲಿ ಮಡಿಗೆ ಉಣ್ಣೆಯ ಧಾಬಳಿಯೇ ಪ್ರಶಸ್ತವೆನಿಸಿತು.

ಇಂತಹ ಉಣ್ಣೆಯನ್ನು ಸೂಕ್ಷ್ಮತೆಯೊಂದರಿಂದಲೇ ಅಳೆದುದು ಈಚಿನ ಕಾಲದ ಪ್ರಮಾದ. ಮೈಸೂರಿನಲ್ಲಿ ಮಾರ್ಕ್ ಕಬ್ಬನ್ನನು ಕಮೀಷನರನಾಗಿದ್ದ ಕಾಲದಲ್ಲಿಯೇ (1834–1861) ಮೆರಿನೋ ಟಗರುಗಳನ್ನು ತರಿಸಿ ನಾಡಕುರಿಯ ಉಣ್ಣೆಯನ್ನು ತಿದ್ದುವ ಯತ್ನವು ನಡೆಯಿತು. ಮೆರಿನೋ ಉಣ್ಣೆಯು ಮೈಗೆ ತಾಗುವ ಬಟ್ಟೆಗೆ ಉತ್ತಮವೆಂಬುದು ನಿರ್ವಿವಾದ. ಆದರೆ ಹೊಲದ ಕೆಸರಿಗೂ ಅಡವಿಯ ಮುಳ್ಳಿಗೂ ತಕ್ಕುದು ಒರಟು ಉಣ್ಣೆಯೇ. ಈಗ ಪ್ಲಾಸ್ಟಿಕ್ ಹಾಳೆಯು ಕೊಪ್ಪೆಯ ಸ್ಥಾನವನ್ನು ಆಕ್ರಮಿಸಿದೆ. ಕುರಿಸಾಕಣೆಯು ಮಾಂಸವನ್ನೇ ಮುಖ್ಯವಾಗಿ ನೆಚ್ಚಿದೆ. ಅನೇಕ ಕಡೆಗಳಲ್ಲಿ ಉಣ್ಣೆಯ ಬೆಲೆಯು ಕತ್ತರಿಸುವ ಕೂಲಿಗೂ ಸಾಲದಾಗಿದೆ.

ಚಮರಿಯು ಒಂದೇ ಮೈಯಲ್ಲಿ ಎರಡು ರೋಮಗಳನ್ನು ಧರಿಸಿ, ಎರಡೂ ಬೇಕೆಂಬುದನ್ನು ತೋರಿಸುತ್ತದೆ. ಕನ್ನಡನಾಡಿನ ಕುರಿಗೆ ದೊರೆತುದು ಒಂದೇ, ಅದೂ ಒರಟಾದುದು. ಅದರ ಗುಣವನ್ನು ಅರಿತು ಅದಕ್ಕೆ ತಕ್ಕ ಗಂಜಿ, ಮಗ್ಗ, ನೇಯ್ಗೆಗಳನ್ನು ಕಂಡುಕೊಂಡುದು ಅಕ್ಷರವಿದ್ಯೆಯಿಲ್ಲದವರ ಶಾಸ್ತ್ರ. ಗ್ರಂಥಸ್ಥವಾಗದ ಆ ಶಾಸ್ತ್ರಕ್ಕೆ ನೇಯುವ ಕೈಯೇ ಓಲೆ. ಕೈ ನಿಂತ ದಿನ ಅದನ್ನು ಪುನಃ ಶೋಧಿಸಿ ಪ್ರಕಟಿಸಲು ಯಾವ ಭಂಡಾರದಲ್ಲಿಯೂ ಪ್ರತಿಯು ದೊರೆಯಲಾರದು.