ಸಮುದಾಯ ಚಿಕಿತ್ಸಾಲಯ (ಸಮಾಜಕಾರ್ಯ ಶಿಕ್ಷಣ)

ವಿಶ್ವವಿದ್ಯಾಲಯ ಅಥವಾ ಸಮಾಜಕಾರ್ಯ ಶಾಲೆಯೊಂದು ತಾನೇ ನಡೆಸುವ, ಜನರಿಗೆ ನೆರವನ್ನೂ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯದ ತರಬೇತಿಯನ್ನೂ ಒಟ್ಟಿಗೆ ಒದಗಿಸುವ ಕೇಂದ್ರ. ಇಲ್ಲಿ ಔಷಧಿಗಿಂತ ಆಪ್ತಸಮಾಲೋಚನೆ ಮತ್ತು ಮನೆಯವರೊಂದಿಗಿನ ಕೆಲಸ ಮುಖ್ಯ.

ಭಾರತದ ಮೊದಲ ಸಮಾಜಕಾರ್ಯ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಶುರುವಾಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ನಾಗಪಾಡಾದ ಬಡ ಕೇರಿಗಳಲ್ಲಿ ನೆರೆಹೊರೆ ಕೇಂದ್ರ ನಡೆಸಿದ್ದ ಕ್ಲಿಫರ್ಡ್ ಮ್ಯಾನ್ಸ್‌ಹಾರ್ಟ್ ಅದರ ಮೊದಲ ನಿರ್ದೇಶಕರು. ಮರುವರ್ಷವೇ, 1937ರಲ್ಲಿ, ಶಾಲೆ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವನ್ನು ತೆರೆಯಿತು. ಪಾಠ ಮುಗಿದ ಮೇಲೆ ಜನರ ಬಳಿಗೆ ಹೋಗುವುದಲ್ಲ, ಜನರ ನಡುವೆಯೇ ಪಾಠ ನಡೆಯಬೇಕು ಎಂಬ ನಿಲುವು ಆಗಲೇ ಗಟ್ಟಿಯಾಗಿತ್ತು. 1984ರಲ್ಲಿ ಸಂಸ್ಥೆ ಮುಂಬಯಿ ಪೊಲೀಸ್ ವ್ಯವಸ್ಥೆಯೊಳಗೇ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಘಟಕ ಆರಂಭಿಸಿದ್ದು ಇನ್ನೂ ದಿಟ್ಟ ಹೆಜ್ಜೆ: ಹೊಡೆತ ತಿಂದ ಹೆಂಗಸು ದೂರು ಕೊಡಲು ಬರುವ ಜಾಗದಲ್ಲೇ ಸಮಾಜಕಾರ್ಯಕರ್ತೆ ಕೂತಿರುತ್ತಾಳೆ.

ತರಬೇತಿಯ ಜೀವಾಳ ಇರುವುದು ಮನೆಭೇಟಿ ಮತ್ತು ವರದಿಯಲ್ಲಿ. ಮಗ ಶಾಲೆಗೆ ಹೋಗಲು ಒಲ್ಲೆನ್ನುತ್ತಾನೆ ಎಂದು ತಾಯಿ ಕರೆತಂದರೆ, ವಿದ್ಯಾರ್ಥಿನಿ ಹಿನ್ನೆಲೆ ಬರೆದುಕೊಂಡು ಮನೆಗೆ ಹೋಗುತ್ತಾಳೆ. ಕೂಸು ತಂಗಿಯನ್ನು ಹಗಲಿಡೀ ನೋಡಿಕೊಳ್ಳುವುದು ಆ ಹುಡುಗನ ಪಾಲಿಗೇ ಬಿದ್ದಿದೆ ಎಂಬುದು ಅಲ್ಲಿ ಕಣ್ಣಿಗೆ ಬೀಳಬಹುದು. ನಡೆದ ಮಾತುಕತೆಯನ್ನು, ತನ್ನ ತಡವರಿಕೆಯನ್ನೂ ಬಿಡದೆ, ಆಕೆ ಬರೆಯಬೇಕು. ತಾಯಿ ಅತ್ತಾಗ ನೀವು ಮಾತು ಬದಲಿಸಿದ್ದೇಕೆ ಎಂದು ಮೇಲ್ವಿಚಾರಕರು ಕೇಳುವುದು ಇಂಥ ಬರಹದ ಮೇಲೆಯೇ. ಯಾವ ಪರೀಕ್ಷೆಯೂ ಇದನ್ನು ಕಲಿಸಲಾರದು.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಅಲ್ಲಿನ ಅನುಭವ ಮುಂದೆ ಬಳ್ಳಾರಿ ಜಿಲ್ಲೆಯ ಮಾನಸಿಕ ಆರೋಗ್ಯ ಯೋಜನೆಗೂ, 1996ರ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೂ ದಾರಿ ಮಾಡಿತು. ಮನೋವೈದ್ಯಕೀಯ ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ನಿಮ್ಹಾನ್ಸ್ ಇಂದಿಗೂ ದೊಡ್ಡ ತರಬೇತಿ ನೆಲೆ.

ಈ ಪದ್ಧತಿಯ ನಿಜವಾದ ಕಷ್ಟ ಸೆಮಿಸ್ಟರಿನದು. ವಿದ್ಯಾರ್ಥಿಯ ಅವಧಿ ಮುಗಿಯುತ್ತದೆ, ಬಂದವರ ಸಂಕಟ ಮುಗಿದಿರುವುದಿಲ್ಲ. ಎದುರಿಗಿರುವವರು ಕಲಿಯುತ್ತಿರುವವರೆಂದು ಮೊದಲ ದಿನವೇ ತಿಳಿಸಿ ಒಪ್ಪಿಗೆ ಪಡೆಯುವುದು, ಹೊರಡುವ ವಿದ್ಯಾರ್ಥಿ ಮುಂದಿನವರನ್ನು ಖುದ್ದಾಗಿ ಪರಿಚಯಿಸಿ ಕಡತ ಒಪ್ಪಿಸುವುದು ಬೇಕೇಬೇಕು. ವರ್ಷವಿಡೀ ಇರುವ ಕಾಯಂ ಸಿಬ್ಬಂದಿಯಿಲ್ಲದ ಕೇಂದ್ರದಲ್ಲಿ ಇದು ನಡೆಯುವುದಿಲ್ಲ.