ಸುರಪುರ ಸೀಮೆಯ ಗೋಡೆಪಟಗಳು

ಯಾದಗಿರಿ, ಶಹಾಪುರ, ಸುರಪುರದ ಹಳೆಯ ಮನೆಗಳಲ್ಲಿ ಪಟಗಳನ್ನು ಕಣ್ಣಿನ ಮಟ್ಟಕ್ಕೆ ಹಾಕುವ ರೂಢಿಯಿರಲಿಲ್ಲ. ಪಡಸಾಲೆಯ ತೊಲೆಗಿಂತ ಒಂದೆರಡು ಗೇಣು ಕೆಳಗೆ ಅವು ಸಾಲಾಗಿ, ತುಸು ಮುಂದಕ್ಕೆ ಬಾಗಿ ನಿಲ್ಲುತ್ತಿದ್ದವು. ಕೆಳಗಿನ ಅಂಚಿಗೆ ಆಸರೆಯಾಗಿ ಎರಡು ಮೊಳೆ, ಮೇಲೊಂದು ಮೊಳೆ, ಅದಕ್ಕೆ ಬಿಗಿದ ದಾರ: ಇಷ್ಟೇ ಏರ್ಪಾಡು. ಪಟ ಬಾಗಿರುವುದರಿಂದ ಜಮಖಾನದ ಮೇಲೆ ಕುಳಿತವರಿಗೆ ಅದು ನೇರವಾಗಿ ಕಾಣುತ್ತದೆ, ಬಾಗಿಲ ಬೆಳಕು ಗಾಜಿಗೆ ಬಡಿದು ಕಣ್ಣು ಕುಕ್ಕುವುದಿಲ್ಲ, ದೂಳು ಗಾಜಿನ ಮೇಲೆ ನಿಲ್ಲುವುದೂ ಕಡಿಮೆ. ಕುರ್ಚಿ, ಸೋಫಾ ಬರುವ ಮೊದಲಿನ ಮನೆಗೆ ತಕ್ಕಂತೆ ಹುಟ್ಟಿದ ಪದ್ಧತಿ ಇದು. ಹೀಗೆ ಗೋಡೆಗೆ ಪಟ ಹಾಕುವ ರೂಢಿಗೆ ಈ ಸೀಮೆಯಲ್ಲಿ ದೊಡ್ಡ ಹಿನ್ನೆಲೆಯಿದೆ, ಏಕೆಂದರೆ ಇಲ್ಲಿ ಪಟ ಬರೆಯುವ ಒಂದು ಸ್ವಂತ ಶೈಲಿಯೇ ಬೆಳೆದಿತ್ತು.

ಆ ಶೈಲಿ ಸುರಪುರದ ನಾಯಕರ ಆಶ್ರಯದ್ದು. 1705ರಲ್ಲಿ ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ ನಾಯಕರ ವಾಗಣಗೇರಿ ಕೋಟೆಯದು. ಪಿಡ್ಡ ನಾಯಕನ ಬೇಡರ ಪಡೆ ತಿಂಗಳುಗಟ್ಟಲೆ ಮೊಗಲ ದಂಡನ್ನು ತಡೆದು ನಿಲ್ಲಿಸಿ, ಕೊನೆಗೆ ಕೋಟೆ ಬಿಟ್ಟು ಸರಿಯಿತು. ನಂತರ ಹತ್ತಿರದ ಗುಡ್ಡಗಳ ನಡುವೆ ಸುರಪುರ ರಾಜಧಾನಿಯಾಗಿ ಬೆಳೆಯಿತು. ಅರಮನೆ, ವೇಣುಗೋಪಾಲಸ್ವಾಮಿ ಗುಡಿ, ವಿದ್ವಾಂಸರ ಮನೆಗಳು ಎದ್ದವು. ಅವುಗಳ ಜೊತೆಯಲ್ಲೇ ಚಿತ್ರಗಾರರೂ ನೆಲೆಯೂರಿದರು. ಈ ಚಿತ್ರಗಾರರಲ್ಲಿ ಗರುಡಾದ್ರಿ ಮನೆತನದ ಹೆಸರು ಎಲ್ಲಕ್ಕಿಂತ ಮುಂದೆ ಬರುತ್ತದೆ. ನಾಯಕರ ದರ್ಬಾರು, ಶ್ರೀವೈಷ್ಣವ ಒಲವಿನ ದೇವರ ಚಿತ್ರಗಳು ಅವರ ಕೈಯಲ್ಲಿ ಮೂಡಿದವು. ಒಂದು ಕಡೆ ವಿಜಯನಗರದ ಕಾಲದಿಂದ ಹರಿದುಬಂದ ರೇಖೆ, ಇನ್ನೊಂದು ಕಡೆ ಗೋಲ್ಕೊಂಡ, ಹೈದರಾಬಾದಿನ ಕಿರುಚಿತ್ರಗಳ ನಯ. ಇವೆರಡೂ ಸುರಪುರದ ಕೆಲಸದಲ್ಲಿ ಒಂದನ್ನೊಂದು ಒತ್ತರಿಸದೆ ಸೇರಿಕೊಂಡಿವೆ. ಮೈಸೂರು, ತಂಜಾವೂರು ಶೈಲಿಗಳ ಬಗ್ಗೆ ಆಗಿರುವಷ್ಟು ಮಾತು ಸುರಪುರದ ಬಗ್ಗೆ ಆಗಿಲ್ಲ. ಕೆಲಸದ ನಯವನ್ನು ನೋಡಿದರೆ ಇದು ನ್ಯಾಯವಲ್ಲ.

ಚಿನ್ನದ ಕೆಲಸವಿರುವ ಪಟವನ್ನು ಹತ್ತಿರ ಹಿಡಿದು ನೋಡಬೇಕು. ದೂರಕ್ಕೆ ಒಂದೇ ಹಾಳೆಯಂತೆ ಕಾಣುವ ಕಿರೀಟ, ಹತ್ತಿರಕ್ಕೆ ಹೋದರೆ ಹತ್ತಾರು ತುಂಡುಗಳ ಜೋಡಣೆ. ದಕ್ಷಿಣದ ಈ ವಿಧಾನದಲ್ಲಿ ಮೊದಲು ಹಲಗೆಗೆ ಬಟ್ಟೆ ಅಥವಾ ಕಾಗದ ಅಂಟಿಸಿ, ಬಿಳಿ ಲೇಪ ಕೊಟ್ಟು, ಉಜ್ಜಿ ನುಣುಪು ಮಾಡುತ್ತಾರೆ. ಗೆರೆ ಬರೆದ ಮೇಲೆ ಆಭರಣ, ಸೀರೆಯ ಅಂಚು, ಪ್ರಭಾವಳಿ, ಕಂಬದ ಬೋದಿಗೆ ಇರುವ ಕಡೆಗೆ ಬಿಳಿ ಪುಡಿ ಮತ್ತು ಗೋಂದು ಕಲಸಿದ ಸರಿಯನ್ನು ಸಣ್ಣ ಕುಂಚದಿಂದ ಎಳೆಯುತ್ತಾರೆ. ಅದು ಒಣಗಿ ಉಬ್ಬಿ ನಿಂತ ಮೇಲೆ ಚಿನ್ನದ ರೇಕನ್ನು ಆಯಾ ಆಕಾರಕ್ಕೆ ಕತ್ತರಿಸಿ ಕೂರಿಸುತ್ತಾರೆ. ತೋಳಬಂದಿಗೆ ಒಂದು ಚೂರು, ಓಲೆಗೆ ಒಂದು ಚೂರು, ಉಂಗುರಕ್ಕೆ ಅಕ್ಕಿಕಾಳಿಗಿಂತ ಸಣ್ಣದೊಂದು. ಬಣ್ಣ ತುಂಬುವುದು, ಮುಖ ತಿದ್ದುವುದು ಇದಾದ ಮೇಲಿನ ಕೆಲಸ. ತಂಜಾವೂರಿನಲ್ಲಿ ಈ ಉಬ್ಬು ದಪ್ಪ, ನಡುವೆ ಗಾಜಿನ ಹರಳೂ ಇರುತ್ತದೆ. ಮೈಸೂರಿನಲ್ಲಿ ಅದು ಬಹಳ ತೆಳು. ಸುರಪುರದಲ್ಲಿ ಚಿನ್ನಕ್ಕೆ ಕೊರತೆಯಿಲ್ಲ, ಆದರೆ ಕಣ್ಣನ್ನು ಹಿಡಿದು ನಿಲ್ಲಿಸುವುದು ಗೆರೆಯ ಸಣ್ಣತನ. ಇಂಥ ಪಟವನ್ನು ಬರೆದರು ಎನ್ನುವುದಕ್ಕಿಂತ ಕಟ್ಟಿದರು ಎನ್ನುವುದೇ ಸರಿ.

ಆಶ್ರಯ ಬಹುಕಾಲ ಉಳಿಯಲಿಲ್ಲ. 1841ರಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತ ನೋಡಿಕೊಂಡ. ಬಾಲಕ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅವನು ಕಟ್ಟಿಸಿದ ಬಂಗಲೆ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಲ್ಲಿ ಉಳಿದಿದೆ. ದೊಡ್ಡವನಾದ ವೆಂಕಟಪ್ಪ ನಾಯಕ ಕಂಪನಿ ಸರ್ಕಾರದ ವಿರುದ್ಧ ಎದ್ದು, 1858ರಲ್ಲಿ ಸೆರೆಯಾಗಿ, ಬಂಧನದಲ್ಲಿದ್ದಾಗಲೇ ಗುಂಡೇಟಿನಿಂದ ತೀರಿಕೊಂಡ. 1860ರಲ್ಲಿ ಬ್ರಿಟಿಷರು ಸುರಪುರವನ್ನು ಹೈದರಾಬಾದಿನ ನಿಜಾಮನಿಗೆ ಕೊಟ್ಟರು. ದರ್ಬಾರು ಹೋದ ಮೇಲೆ ದರ್ಬಾರಿನ ಚಿತ್ರ ಬರೆಸುವವರು ಯಾರು? ಚಿನ್ನದ ರೇಕು ಕೊಂಡು ತಿಂಗಳುಗಟ್ಟಲೆ ಕೆಲಸ ಮಾಡಿಸುವ ಶಕ್ತಿ ಸಾಮಾನ್ಯ ಮನೆಗಳಿಗೆ ಇರಲಿಲ್ಲ.

ಅಷ್ಟರಲ್ಲಿ ರೈಲು ಬಂತು. ಮುಂಬಯಿಯಿಂದ ಪುಣೆ, ಸೊಲ್ಲಾಪುರ, ವಾಡಿ, ಯಾದಗಿರಿ ಹಾದು ಬರುವ ಹಳಿ 1871ರಲ್ಲಿ ರಾಯಚೂರು ಮುಟ್ಟಿ ಮದರಾಸಿನ ಹಳಿಗೆ ಕೂಡಿಕೊಂಡಿತು. ಶಹಾಪುರ, ಸುರಪುರಗಳು ಹಳಿಯಿಂದ ದೂರವೇ ಉಳಿದವು. ಯಾದಗಿರಿ ಮಾತ್ರ ಮುಂಬಯಿಯ ಸರಕಿಗೆ ಬಾಗಿಲಾಯಿತು. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಜರ್ಮನ್ ಯಂತ್ರ ಮತ್ತು ಕೆಲಸಗಾರರನ್ನು ತರಿಸಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ಅದು ಮುಂದೆ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ಅದನ್ನು ಕೊಂಡುಕೊಂಡು ನಡೆಸಿದ. ಮಳವಲಿಯ ನಿಲ್ದಾಣವೂ ಯಾದಗಿರಿಯ ನಿಲ್ದಾಣವೂ ಒಂದೇ ಹಳಿಯ ಮೇಲಿವೆ. ಆ ಮುದ್ರಣಾಲಯದಲ್ಲಿ ಅಚ್ಚಾದ, ತಾವರೆಯ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ ದೇಶದ ಯಾವ ಮನೆಗಾದರೂ ಹೋಗಬಲ್ಲ ಬೆಲೆಗೆ ಸಿಗತೊಡಗಿದರು.

ಅಚ್ಚಿನ ಪಟ ಬಂದ ಮೇಲೂ ಕೈಕೆಲಸ ನಿಲ್ಲಲಿಲ್ಲ, ಅದು ಮನೆಯ ಹೆಣ್ಣುಮಕ್ಕಳ ಕೈಗೆ ಬಂತು. ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಕಡಿಮೆ ಗಮನ ಪಡೆದ, ಎಲ್ಲಕ್ಕಿಂತ ಪ್ರೀತಿಯ ಭಾಗ ಇದೇ. ಅಚ್ಚಿನ ಲಕ್ಷ್ಮಿಗೆ ಸೀರೆ ಉಡಿಸುವ ಪದ್ಧತಿ ದಕ್ಷಿಣದ ಹಲವು ಕಡೆ ಹಬ್ಬಿತು. ಹಾಳೆಯನ್ನು ರಟ್ಟಿಗೆ ಅಂಟಿಸಿ, ರೇಷ್ಮೆಯ ಚಿಂದಿಯಿಂದ ಸೀರೆಯ ಒಂದೊಂದು ನಿರಿಗೆಗೂ ಒಂದೊಂದು ತುಂಡು ಕತ್ತರಿಸುವುದು. ಸೆರಗಿನ ತುಂಡು ಬೇರೆ, ಸೊಂಟದ ಸುತ್ತಿನ ತುಂಡು ಬೇರೆ. ಚಿತ್ರದಲ್ಲಿ ನೆರಳಿದ್ದ ಕಡೆ ಬಟ್ಟೆಯನ್ನು ಒಳಕ್ಕೆ ಮಡಚಿದರೆ ನಿರಿಗೆ ನಿಜವಾಗಿಯೇ ಎದ್ದು ನಿಲ್ಲುತ್ತದೆ. ಅಂಚಿಗೆ ಹಳೆಯ ಸೀರೆಯ ಜರಿ, ಕೊರಳಿಗೆ ಸಣ್ಣ ಮುತ್ತು, ಕಿರೀಟಕ್ಕೆ ಚಮಕಿ. ಮುಖ, ಕೈ, ಪಾದಗಳನ್ನು ಮಾತ್ರ ಅಚ್ಚಿನಲ್ಲಿದ್ದ ಹಾಗೆಯೇ ಬಿಡುತ್ತಿದ್ದರು. ಒಂದು ತುಂಡು ತಪ್ಪಿದರೆ ಪಕ್ಕದ್ದು ಕೂರುವುದಿಲ್ಲ, ಆದ್ದರಿಂದ ಆತುರಕ್ಕೆ ಇಲ್ಲಿ ಎಡೆಯಿಲ್ಲ. ಮನೆಗೆಲಸ ಮುಗಿದ ಮಧ್ಯಾಹ್ನಗಳಲ್ಲಿ ಬೆಳೆದ ಈ ಪಟಗಳ ಮೇಲೆ ಮಾಡಿದವರ ಹೆಸರಿಲ್ಲ.

ಹೊರನಾಡಿನಲ್ಲಿ ಇದಕ್ಕೆ ಸಮೀಪದ ಇನ್ನೊಂದು ರೂಢಿ ಬೇರೆ ದಾರಿಯಲ್ಲಿ ಹುಟ್ಟಿತು. ಲಂಡನ್ನಿನ ನಕ್ಷೆಗಾರ ಜಾನ್ ಸ್ಪಿಲ್ಸ್‌ಬರಿ 1760ರ ದಶಕದಲ್ಲಿ ಭೂಪಟಗಳನ್ನು ಹಲಗೆಗೆ ಅಂಟಿಸಿ, ದೇಶಗಳ ಗಡಿಯುದ್ದಕ್ಕೂ ಗರಗಸ ಆಡಿಸಿ, ಮಕ್ಕಳ ಪಾಠಕ್ಕೆಂದು ಮಾರಿದ. ಅದೇ ಮುಂದೆ ತುಂಡು ಜೋಡಿಸಿ ಚಿತ್ರ ಕೂಡಿಸುವ ಜಿಗ್‌ಸಾ ಆಟವಾಯಿತು. ರಟ್ಟಿನ ಜಿಗ್‌ಸಾ ಅಗ್ಗವಾದ ಮೇಲೆ ಮನೆಮನೆಗೂ ಹೋಯಿತು. ಪೂರ್ತಿ ಜೋಡಿಸಿದ ಚಿತ್ರಕ್ಕೆ ಮೇಲಿನಿಂದ ಅಂಟು ಬಳಿದು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಅಭ್ಯಾಸ ಹೀಗೆ ಬೆಳೆಯಿತು. ಈಗ ಮಕ್ಕಳಿರುವ ಕನ್ನಡದ ಮನೆಗಳಿಗೂ ಅದು ಬರುತ್ತಿದೆ. ಸೀರೆ ಉಡಿಸಿದ ಲಕ್ಷ್ಮಿಯಲ್ಲೂ ಜಿಗ್‌ಸಾದಲ್ಲೂ ಚಿತ್ರ ಬೇರೆಯವರದು, ಜೋಡಿಸಿದ ಕೈ ಮನೆಯವರದು. ಗೋಡೆಯ ಮೇಲೆ ಅದಕ್ಕೆ ಸಿಗುವ ಜಾಗವೂ ಆ ಕೈಗೆ ಸಲ್ಲುವ ಗೌರವ.

ಅಚ್ಚಿನ ಚಿತ್ರಗಳ ಮುಂದಿನ ಘಟ್ಟದಲ್ಲಿ ಈ ಸೀಮೆಯ ನೆರೆಯವನೇ ಒಬ್ಬ ದೊಡ್ಡ ಕಲಾವಿದನಾಗಿ ನಿಂತ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ ಮುಂಬಯಿಯಲ್ಲಿ ಸಿನಿಮಾ ಜಾಹೀರಾತುಗಳನ್ನೂ ಕ್ಯಾಲೆಂಡರಿನ ಪುರಾಣ ಚಿತ್ರಗಳನ್ನೂ ಬರೆದು ದೇಶದ ಮನೆಗಳನ್ನು ತುಂಬಿದರು. ಅವರು 1993ರಲ್ಲಿ ತೀರಿಕೊಂಡರು. ವರ್ಷ ಮುಗಿದ ಕ್ಯಾಲೆಂಡರಿನ ದೇವರ ಚಿತ್ರವನ್ನು ಎಸೆಯಲು ಮನಸ್ಸಾಗದೆ, ತಾರೀಖಿನ ಭಾಗ ಕತ್ತರಿಸಿ ಕಟ್ಟು ಹಾಕಿಸುವುದು ಮನೆಗಳಲ್ಲಿ ಸಾಮಾನ್ಯವಾಯಿತು.

ಸುರಪುರದ ಶೈಲಿಯೂ ಪೂರ್ತಿ ನಿಂತುಹೋಗಲಿಲ್ಲ. ಕಲಬುರಗಿಯ ಕಲಾವಿದ ವಿಜಯ ಹಾಗರಗುಂಡಗಿ ಅದನ್ನು ಮತ್ತೆ ಕೈಗೆತ್ತಿಕೊಂಡು ಹೊಸ ಚಿತ್ರಗಳನ್ನು ಬರೆದರು. 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರೆಯಾಗಿ, ಸುರಪುರವನ್ನೂ ಒಳಗೊಂಡು ಯಾದಗಿರಿ ಜಿಲ್ಲೆಯಾಯಿತು. ಹೊಸ ಜಿಲ್ಲೆಗೆ ತನ್ನದೆಂದು ಹೇಳಿಕೊಳ್ಳಲು ಈ ಶೈಲಿಗಿಂತ ದೊಡ್ಡ ಕಲೆಯ ಆಸ್ತಿ ಇಲ್ಲ. ಆ ಆಸ್ತಿ ಸುರಕ್ಷಿತವಾಗಿ ಉಳಿಯಬೇಕಾದರೆ ಮನೆಯವರೇ ಅದರ ಕಾವಲುಗಾರರಾಗಬೇಕು.

ಈ ನಾಡಿನ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಗೋಂದು ಒಣಗಿ ಚಿನ್ನದ ರೇಕು ಹೆಕ್ಕಳಿಕೆ ಏಳುತ್ತದೆ. ಮಳೆಗಾಲದಲ್ಲಿ ಮಾಳಿಗೆ ಸೋರಿದರೆ ಗೆದ್ದಲು ಹಲಗೆಯ ಬೆನ್ನಿಗೆ ಬರುತ್ತದೆ. ಮನೆಯನ್ನು ಕೆಡವಿ ಕಟ್ಟುವಾಗ, ಪಾಲು ಆಗುವಾಗ ಹಳೆಯ ಪಟಗಳು ಹಾಳಾಗುವುದು ಹೆಚ್ಚು. ಅಜ್ಜಿಯ ಕಾಲದ ಪಟವಿರುವ ಮನೆಯವರು ಅದನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ಮಾಸಿತೆಂದು ಬಣ್ಣ ಹಚ್ಚಿಸಬಾರದು, ಹೊಸ ಕಟ್ಟು ಹಾಕಿಸುವ ಮುನ್ನ ಹಳೆಯ ಹಲಗೆಯ ಬೆನ್ನನ್ನು ಒಮ್ಮೆ ನೋಡಬೇಕು. ಬರೆದವರ ಹೆಸರು, ಊರು, ವರ್ಷ ಇದ್ದರೆ ಅಲ್ಲೇ ಇರುತ್ತದೆ.