ಒಂಬೈನೂರು ಬಂದೂಕು, ಒಂದು ಪಿಸ್ತೂಲು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಗಾದೆ. ಅದನ್ನು ಕೇಳಿದಾಗಲೆಲ್ಲ, ಸುಂಕದವನಿಗೆ ಸರಕನ್ನೇ ಹೇಳದೆ ಹೋದ ಕಾದಂಬರಿಕಾರ ಎರ್ಸ್ಕಿನ್ ಚಿಲ್ಡರ್ಸ್ ನನಗೆ ನೆನಪಾಗುತ್ತಾನೆ.

ಐರ್ಲೆಂಡಿಗೆ ಆಯುಧ ತರಕೂಡದೆಂದು ಬ್ರಿಟಿಷ್ ಸರಕಾರ 1913ರ ಡಿಸೆಂಬರಿನಲ್ಲಿ ಆಜ್ಞೆ ಹೊರಡಿಸಿತ್ತು. ಆದರೂ ಸ್ವರಾಜ್ಯವನ್ನು ವಿರೋಧಿಸುತ್ತಿದ್ದ ಅಲ್‌ಸ್ಟರಿನವರು 1914ರ ಏಪ್ರಿಲಿನಲ್ಲಿ ಸಾವಿರಗಟ್ಟಲೆ ಬಂದೂಕುಗಳನ್ನು ಕದ್ದು ಇಳಿಸಿಕೊಂಡರು. ಸ್ವರಾಜ್ಯ ಪಕ್ಷದವರು ಸುಮ್ಮನಿರುವರೇ? ಹ್ಯಾಂಬರ್ಗಿನಲ್ಲಿ ಕೊಂಡ ಹಳೆಯ ಬಂದೂಕುಗಳನ್ನು ಚಿಲ್ಡರ್ಸ್ ನಡುಗಡಲಲ್ಲಿ ತನ್ನ ವಿಹಾರನೌಕೆ ‘ಆಸ್‌ಗಾರ್ಡ್’ಗೆ ಏರಿಸಿಕೊಂಡ. ಒಳಕೋಣೆಯ ತುಂಬ 900 ಬಂದೂಕು. ಅವುಗಳ ಮೇಲೆಯೇ ಹಾಸಿಗೆ. ಸಿರಿವಂತರ ಮೋಜಿನ ದೋಣಿಯ ಮೇಲೆ ಯಾರಿಗೆ ಸಂಶಯ ಬಂದೀತು? ಜುಲೈ 26ರಂದು ಡಬ್ಲಿನ್ ಬಳಿಯ ಹೋತ್ ರೇವಿನಲ್ಲಿ ಹಾಡಹಗಲೇ ಸರಕು ಇಳಿಯಿತು. ಚಿಲ್ಡರ್ಸನಿಗೆ ಶಿಕ್ಷೆಯಾಗಲಿಲ್ಲ.

ಎಂಟು ವರ್ಷ ಕಳೆಯಿತು. ಬ್ರಿಟನ್ನಿನೊಡನೆ ಆದ ಒಪ್ಪಂದದ ಸಲುವಾಗಿ ಐರಿಷರೇ ತಮ್ಮತಮ್ಮೊಳಗೆ ಹೊಡೆದಾಡುತ್ತಿದ್ದರು. ಒಪ್ಪಂದವನ್ನು ವಿರೋಧಿಸಿದ ಚಿಲ್ಡರ್ಸ್ ಸೆರೆಸಿಕ್ಕಾಗ ಅವನ ಬಳಿ ಇದ್ದುದು ಒಂದು ಪುಟ್ಟ ಪಿಸ್ತೂಲು. ಅಧಿಕಾರವಿಲ್ಲದೆ ಆಯುಧ ಇಟ್ಟುಕೊಂಡನೆಂದು ಐರಿಷ್ ಸರಕಾರವೇ 1922ರ ನವೆಂಬರ್ 24ರಂದು ಅವನನ್ನು ಗುಂಡಿಕ್ಕಿ ಕೊಲ್ಲಿಸಿತು. ಅದಕ್ಕೆ ಮುನ್ನ ಅವನು ಆ ಸೈನಿಕರ ಕೈಯನ್ನು ಒಬ್ಬೊಬ್ಬರದಾಗಿ ಕುಲುಕಿದ.

ಆಸ್‌ಗಾರ್ಡ್ ಈಗ ಡಬ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಗೌರವದಿಂದ ನಿಂತಿದೆ. ಆಯುಧದ ಅಪರಾಧವನ್ನು ಅಳೆಯುವ ಮೊದಲು, ತಕ್ಕಡಿ ಯಾರ ಕೈಯಲ್ಲಿದೆಯೆಂದು ನೋಡಬೇಕೆಂದು ನನಗೆ ತೋರುತ್ತದೆ.